ನೆಲದ ಟಿಕೇಟು

2024ರ ಅಕ್ಟೋಬರ್ 8ರಂದು ದೆಹಲಿಯ ವಿಜ್ಞಾನ ಭವನದಲ್ಲಿ ನಡೆದ 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರದಾನ ಸಮಾರಂಭವನ್ನು ಟಿ.ವಿ.ಯಲ್ಲಿ ಒಬ್ಬನೇ ಕುಳಿತು ನೋಡಿದೆ. ‘ಕಾಂತಾರ’ದ ಅಭಿನಯಕ್ಕಾಗಿ ಕುಂದಾಪುರ ಸೀಮೆಯ ರಿಷಬ್ ಶೆಟ್ಟಿಯವರು ಶ್ರೇಷ್ಠ ನಟ ಪ್ರಶಸ್ತಿ ಸ್ವೀಕರಿಸಿದಾಗ ಸಂತೋಷವಾಯಿತು. ಆದರೆ ಆ ಸಂತೋಷವನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಆಗ ನೆನಪಾದದ್ದು, ಇದೇ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿ ತಂದ ‘ಚೋಮನ ದುಡಿ’ ಮತ್ತು ಅದನ್ನು ನೋಡಿದ ರಾತ್ರಿ.

ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿದರು. ಆ ವರ್ಷದ ಶ್ರೇಷ್ಠ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ದೊರೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾವ್ ಶ್ರೇಷ್ಠ ನಟರೆನಿಸಿದರು. ಆ ಸಮಾರಂಭವನ್ನು ನಾವು ಕಾಣಲಿಲ್ಲ. ಬೆಳುವಾಯಿಯಲ್ಲಿ ಆಗ ಟಿ.ವಿ. ಎಲ್ಲಿಯದು? ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದಷ್ಟೆ.

ಚಿತ್ರ ನಮ್ಮ ಕಡೆಗೆ ಬಂದದ್ದು ಟೂರಿಂಗ್ ಟಾಕೀಸಿನಲ್ಲಿ. ಕೊಯ್ಲು ಮುಗಿದ ಗದ್ದೆಯಲ್ಲಿ ಡೇರೆ ಏಳುತ್ತಿತ್ತು. ಯಕ್ಷಗಾನ ಮೇಳಗಳಂತೆ ಅದರ ತಿರುಗಾಟವೂ ಮಳೆ ಹಿಡಿಯುವ ತನಕ ಮಾತ್ರ. ಸಂಜೆ ಧ್ವನಿವರ್ಧಕದಲ್ಲಿ ಹಾಡು ಕೇಳಿಸಿದೊಡನೆ ಮನೆಮನೆಯಲ್ಲೂ ಊಟದ ಅವಸರ. ಸೂಟೆಯ ಬೆಳಕಿನಲ್ಲಿ ಗದ್ದೆಯ ಹುಣಿಯ ಮೇಲೆ ಸಾಲಾಗಿ ಹೋಗುತ್ತಿದ್ದೆವು. ಒಳಗೆ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಯಂತ್ರ ಒಂದೇ ಆದುದರಿಂದ ರೀಲು ಬದಲಿಸುವಾಗಲೆಲ್ಲ ಬಿಡುವು, ನೆಲಗಡಲೆಯ ವ್ಯಾಪಾರ.

ಆ ರಾತ್ರಿ ನಮ್ಮ ಗದ್ದೆಯಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರೂ ಜತೆಗಿದ್ದರು. ಚೋಮನ ಜಾತಿಯವರೇ. ಅವರು ನಮ್ಮ ಮನೆಯ ಜಗಲಿ ಹತ್ತಿದವರಲ್ಲ; ದಾರಿಯಲ್ಲಿಯೂ ನಾಲ್ಕು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದರು. ಪಿಯುಸಿ ಓದುತ್ತಿದ್ದ ನನ್ನ ಕಿಸೆಯಲ್ಲಿದ್ದದ್ದು ನೆಲದ ಟಿಕೇಟಿಗಾಗುವಷ್ಟು ಚಿಲ್ಲರೆ. ಹೀಗಾಗಿ ಇಬ್ಬರೂ ಒಂದೇ ನೆಲದಲ್ಲಿ, ಭುಜಕ್ಕೆ ಭುಜ ತಾಗಿಸಿ ಕುಳಿತೆವು.

ಮರಳುವಾಗ ಅವರು ಮತ್ತೆ ಹಿಂದಾದರು. ಬಹಳ ದೂರ ಮೌನವಾಗಿದ್ದು, ಆಮೇಲೆ ತುಳುವಿನಲ್ಲಿ ಒಂದೇ ಮಾತು ಕೇಳಿದರು: ಚೋಮನಿಗೆ ಕೊನೆಗೂ ಗದ್ದೆ ಸಿಗಲಿಲ್ಲವಲ್ಲ?

ನಾನು ಉತ್ತರಿಸಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇರೆಗೆ ನನ್ನ ತಂದೆಯವರು ಡಿಕ್ಲರೇಶನ್ ಕೊಟ್ಟಿದ್ದರು. ಗೇಣಿ ಗದ್ದೆ ನಮ್ಮದಾಗುವುದರಲ್ಲಿತ್ತು. ದೇವರಾಜ ಅರಸರ ಕಾಲದ ಆ ಕಾನೂನು ನಮ್ಮಂಥ ಸಾವಿರಾರು ಒಕ್ಕಲು ಮನೆಗಳನ್ನು ಎತ್ತಿ ನಿಲ್ಲಿಸಿತು, ನಾನು ಬಿ.ಎಡ್. ಮಾಡಿ ಮೇಷ್ಟ್ರಾದದ್ದೂ ಅದೇ ಗದ್ದೆಯ ಅನ್ನದಿಂದ. ಆದರೆ ಹಕ್ಕು ಸಿಕ್ಕಿದ್ದು ಗೇಣಿದಾರನಿಗೆ. ಅದೇ ಗದ್ದೆಯನ್ನು ಉತ್ತ ಕೂಲಿಯಾಳಿಗೆ ಅದರಲ್ಲಿ ಪಾಲಿರಲಿಲ್ಲ.

‘ಕಾಂತಾರ’ವೂ ನೆಲದ ಕತೆಯೇ. ಟಿ.ವಿ.ಯ ಮುಂದೆ ಕುಳಿತವನಿಗೆ ಅದನ್ನು ಪ್ರಶಸ್ತಿಯಷ್ಟೇ ಎಂದು ನೋಡಿ ಮಲಗಿಬಿಡಬಹುದು. ಡೇರೆಯಲ್ಲಿ ಹಾಗಾಗುತ್ತಿರಲಿಲ್ಲ, ಕತೆ ಯಾರದೋ ಅವರೇ ಪಕ್ಕದಲ್ಲಿರುತ್ತಿದ್ದರು, ದಾರಿಯಲ್ಲಿ ಪ್ರಶ್ನೆಯನ್ನೂ ಕೇಳುತ್ತಿದ್ದರು. ಆ ಹಿರಿಯರು ಈಗಿಲ್ಲ. ಅಂದು ಅವರನ್ನು ನಮ್ಮೊಡನೆ ಮುಂದೆ ನಡೆಯಿರೆಂದು ನಾನು ಕರೆಯಬಹುದಿತ್ತು. ಕರೆಯಲಿಲ್ಲ.