ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ವಿಮಾನ ಮಾರ್ಗದ ದೂರ ಮತ್ತು ಪ್ರಯಾಣದ ಅವಧಿ

ವ್ಯಾಸಂಗ, ಉದ್ಯೋಗ ಅಥವಾ ಮಕ್ಕಳ ಭೇಟಿಯ ನಿಮಿತ್ತ ಅಮೆರಿಕಕ್ಕೆ ತೆರಳುವವರು ಹಾಗೂ ಅಲ್ಲಿಂದ ಸ್ವದೇಶಕ್ಕೆ ಮರಳುವವರು ಅರ್ಜಿಗಳಲ್ಲಿ ಆಗಮನದ ದಿನಾಂಕವನ್ನು ನಮೂದಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ದೂರ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಭೂಮಿಯ ಮೇಲ್ಮೈ ಅನುಸರಿಸಿದ ಅತಿ ಕಡಿಮೆ ದೂರವು ಸುಮಾರು 14,000 ಕಿ.ಮೀ. ಆಗಿರುತ್ತದೆ. ಎರಡೂ ನಗರಗಳು ಭೂಗೋಳದ ಬಹುತೇಕ ವಿರುದ್ಧ ಪಾರ್ಶ್ವಗಳಲ್ಲಿರುವುದರಿಂದ ಈ ಮಾರ್ಗವು ಉತ್ತರ ಧ್ರುವ ಪ್ರದೇಶದ ಮೂಲಕ ಹಾದುಹೋಗುತ್ತದೆ. ಗಾಳಿ, ಹವಾಮಾನ ಮತ್ತು ವಾಯುಪ್ರದೇಶದ ನಿರ್ಬಂಧಗಳಿಗನುಗುಣವಾಗಿ ವಿಮಾನಗಳು ಬೇರೆ ಮಾರ್ಗವನ್ನು ಅನುಸರಿಸುವುದುಂಟು.

2. ಅವಧಿ

ಗಂಟೆಗೆ 900 ಕಿ.ಮೀ. ವೇಗದಲ್ಲಿ ಈ ದೂರವನ್ನು ಕ್ರಮಿಸಲು ಸುಮಾರು ಹದಿನೈದೂವರೆ ಗಂಟೆ ಬೇಕಾಗುತ್ತದೆ. ಏರುವ ಮತ್ತು ಇಳಿಯುವ ಸಮಯ ಸೇರಿ ನೇರ ವಿಮಾನದ ಪ್ರಯಾಣವು 16ರಿಂದ 18 ಗಂಟೆಗಳಾಗುತ್ತದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲ ಗಾಳಿಯು ಅನುಕೂಲವಾದಲ್ಲಿ ಅವಧಿ ಕಡಿಮೆಯಾಗುತ್ತದೆ. ಮಾರ್ಗಮಧ್ಯೆ ವಿಮಾನ ಬದಲಾಯಿಸುವವರಿಗೆ ಸಾಮಾನ್ಯವಾಗಿ 20 ಗಂಟೆಗಳಿಗೂ ಹೆಚ್ಚು ಕಾಲ ತಗಲುತ್ತದೆ.

3. ವೇಳೆಯ ವ್ಯತ್ಯಾಸ

ಟಿಕೆಟ್‌ನಲ್ಲಿ ಮುದ್ರಿತವಾಗಿರುವುದು ಆಯಾ ಸ್ಥಳದ ವೇಳೆ. ಚಳಿಗಾಲದಲ್ಲಿ ಭಾರತೀಯ ವೇಳೆಯು ಸ್ಯಾನ್ ಫ್ರಾನ್ಸಿಸ್ಕೊ ವೇಳೆಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಮಾರ್ಚ್ ತಿಂಗಳ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ ಮುಂದಿರುತ್ತದೆ.

ಉದಾಹರಣೆ: ಜನವರಿಯಲ್ಲಿ ಸೋಮವಾರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರಿನಿಂದ ಹೊರಟು 16 ಗಂಟೆ ಪ್ರಯಾಣಿಸಿದವರು ಅಲ್ಲಿನ ವೇಳೆಯಂತೆ ಅದೇ ಸೋಮವಾರ ಸಂಜೆ 4.30ಕ್ಕೆ ತಲುಪುತ್ತಾರೆ. ಅಲ್ಲಿಂದ ಸೋಮವಾರ ರಾತ್ರಿ 8.30ಕ್ಕೆ ಹೊರಟು 17 ಗಂಟೆ ಪ್ರಯಾಣಿಸಿದವರು ಬೆಂಗಳೂರನ್ನು ತಲುಪುವುದು ಬುಧವಾರ ಬೆಳಗಿನ ಜಾವ 3 ಗಂಟೆಗೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಈ ನಗರಗಳ ನಡುವೆ ಆರಂಭಿಸಿದ ನೇರ ಸಂಚಾರದ ಮೊದಲ ವಿಮಾನವು, ಮಹಿಳಾ ಪೈಲಟ್‌ಗಳ ಸಾರಥ್ಯದಲ್ಲಿ 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿದಿತ್ತು.

4. ಅರ್ಜಿದಾರರ ಗಮನಕ್ಕೆ

ಅ) ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಸ್ತಾವೇಜು ನೋಂದಣಿ, ನ್ಯಾಯಾಲಯದ ಹಾಜರಾತಿ ಮುಂತಾದವುಗಳಿಗೆ ಬರುವವರು ನಿಗದಿತ ದಿನಕ್ಕೆ ಕನಿಷ್ಠ ಮೂರು ದಿನ ಮುಂಚಿತವಾಗಿ ಅಲ್ಲಿಂದ ಹೊರಡುವುದು ಸೂಕ್ತ.

ಆ) ಕುಟುಂಬದಲ್ಲಿ ಮರಣ ಸಂಭವಿಸಿದಲ್ಲಿ, ದೂರದಲ್ಲಿರುವ ಮಕ್ಕಳು ಮರುದಿನವೇ ತಲುಪುವರೆಂದು ಭಾವಿಸಿ ಅಂತ್ಯಕ್ರಿಯೆಯ ವೇಳೆಯನ್ನು ನಿಗದಿಪಡಿಸಬಾರದು. ಟಿಕೆಟ್‌ನಲ್ಲಿರುವ ಆಗಮನದ ದಿನಾಂಕವನ್ನು ಅವರಿಂದ ಖಚಿತಪಡಿಸಿಕೊಳ್ಳುವುದು.

ಇ) ಬೇರೆ ದೇಶದ ಮೂಲಕ ಪ್ರಯಾಣಿಸುವವರು, ಆ ದೇಶದ ಟ್ರಾನ್ಸಿಟ್ ವೀಸಾ ಅವಶ್ಯವಿದೆಯೇ ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ವಿಚಾರಿಸತಕ್ಕದ್ದು.

ಈ) ನಿತ್ಯ ಔಷಧಿ ಸೇವಿಸುವ ಹಿರಿಯ ನಾಗರಿಕರು ಎರಡು ದಿನಗಳಿಗೆ ಸಾಕಾಗುವಷ್ಟು ಔಷಧಿಯನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು.

ವಿಮಾನಗಳ ವೇಳಾಪಟ್ಟಿಯು ಋತುವಿಗನುಸಾರ ಬದಲಾಗುವುದರಿಂದ, ಪ್ರಯಾಣಕ್ಕೆ ಮುನ್ನ ಸಂಬಂಧಪಟ್ಟ ವಿಮಾನಯಾನ ಸಂಸ್ಥೆಯನ್ನು ಸಂಪರ್ಕಿಸಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.