ಆದಿ ಬೇರೆ, ಸೃಷ್ಟಿ ಬೇರೆ: ಜಾರ್ಜ್ ಲೆಮೇತ್ರರ ನಿಲುವು

ವಿಜ್ಞಾನವು ದೇವರ ಇರವಿಗೆ ಸಾಕ್ಷಿ ನುಡಿಯಬಲ್ಲುದೇ ಎಂಬುದು ಧರ್ಮಜಿಜ್ಞಾಸೆಯ ಹಳೆಯ ಪ್ರಶ್ನೆ. ನುಡಿಯುವುದಾದರೆ ಆಸ್ತಿಕರಿಗೆ ಅದಕ್ಕಿಂತ ಸಂತೋಷದ ಸಂಗತಿ ಮತ್ತೇನು ಎಂದು ತೋರುವುದು ಸಹಜ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅಂತಹ ಸಾಕ್ಷಿ ಬೇಡವೆಂದವರು ಒಬ್ಬ ಕ್ಯಾಥೊಲಿಕ್ ಪಾದ್ರಿ. ಆ ಸಿದ್ಧಾಂತವನ್ನು ಮಂಡಿಸಿದ ವಿಜ್ಞಾನಿಯೂ ಅವರೇ ಆಗಿದ್ದರು.

ಬೆಲ್ಜಿಯಂ ದೇಶದಲ್ಲಿ 1894ರಲ್ಲಿ ಜನಿಸಿದ ಜಾರ್ಜ್ ಲೆಮೇತ್ರರು ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಹೋರಾಡಿ, 1923ರಲ್ಲಿ ಗುರುದೀಕ್ಷೆ ಪಡೆದರು. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದ ಮೂಲಕ ತೋರಿಸಿದರು. ಲೆಕ್ಕ ಸರಿಯಿದ್ದರೂ ಭೌತವಿಜ್ಞಾನದ ದೃಷ್ಟಿಯಿಂದ ಅದು ಒಪ್ಪತಕ್ಕದ್ದಲ್ಲವೆಂದು ಐನ್‌ಸ್ಟೈನರು ತಳ್ಳಿಹಾಕಿದರು. ಲೆಮೇತ್ರರು ಎದೆಗುಂದದೆ 1931ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇನ್ನೂ ಮುಂದಕ್ಕೆ ಹೋಗಿ, ಸಮಸ್ತ ವಿಶ್ವವೂ ಒಂದೇ ಮೂಲಕಣದಿಂದ ಹೊರಟಿರಬಹುದೆಂದು ಬರೆದರು.

ಆ ಪುಟ್ಟ ಲೇಖನದ ಕರಡು ಉಳಿದುಬಂದಿದೆ. ಅದರ ಕೊನೆಯಲ್ಲಿ, ಪರಮಾತ್ಮನು ಸ್ವಭಾವತಃ ಮರೆಯಾಗಿರುವವನು, ಭೌತವಿಜ್ಞಾನವು ಸೃಷ್ಟಿಗೆ ತೆರೆಯೊಂದನ್ನು ಹಿಡಿದಿರುವುದು ಭಕ್ತನಿಗೆ ಹರ್ಷದ ಸಂಗತಿಯೇ ಆದೀತು ಎಂಬರ್ಥದ ಮಾತಿತ್ತು. ಅಚ್ಚಿಗೆ ಹೋಗುವ ಮುನ್ನ ಲೆಮೇತ್ರರು ಅದನ್ನು ಹೊಡೆದುಹಾಕಿದರು. ಅವರ ಇಡೀ ಧರ್ಮತತ್ತ್ವ ಈ ಅಳಿಸಿದ ಮಾತಿನಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ: ನಂಬಿದ್ದನ್ನು ಅವರು ಬಿಡಲಿಲ್ಲ, ಆದರೆ ವಿಜ್ಞಾನದ ಪುಟದಲ್ಲಿ ಅದಕ್ಕೆ ಸ್ಥಳವಿಲ್ಲವೆಂದು ಅರಿತರು.

ಇಲ್ಲಿ ‘ಆದಿ’, ‘ಸೃಷ್ಟಿ’ ಎಂಬೆರಡು ಪದಗಳನ್ನು ಬಿಡಿಸಿ ನೋಡಬೇಕು. ಆದಿಯೆಂದರೆ ಕಾಲದೊಳಗಿನ ಒಂದು ಅವಸ್ಥೆ. ಅದನ್ನು ಅಳೆಯಬಹುದು, ಅಲ್ಲಗಳೆಯಲೂಬಹುದು. ಸೃಷ್ಟಿಯೆಂಬುದಾದರೋ ಇರುವುದೆಲ್ಲವೂ ಈ ಕ್ಷಣದಲ್ಲಿಯೂ ಯಾವುದನ್ನು ಆಶ್ರಯಿಸಿ ಇದೆ ಎಂಬ ಪ್ರಶ್ನೆ. ವಿಶ್ವಕ್ಕೆ ಆದಿಯೇ ಇಲ್ಲವೆಂದು ನಾಳೆ ಸಿದ್ಧವಾದರೂ ಆ ಪ್ರಶ್ನೆ ಉಳಿಯುತ್ತದೆ. ತಮ್ಮ ಸಿದ್ಧಾಂತವು ನಾಸ್ತಿಕನನ್ನು ಕಟ್ಟಿಹಾಕುವುದಿಲ್ಲ, ಆಸ್ತಿಕನಿಗಾದರೋ ದೇವರೊಡನೆ ಸಲಿಗೆ ವಹಿಸುವ ಅವಕಾಶವನ್ನು ತಪ್ಪಿಸುತ್ತದೆ ಎಂದು ಲೆಮೇತ್ರರು 1958ರಲ್ಲಿ ಸ್ಪಷ್ಟಪಡಿಸಿದರು. ಸಲಿಗೆ ಎಂಬ ಆ ಮಾತು ಮನನಯೋಗ್ಯ.

ಲೋಕವು ಈ ಸೂಕ್ಷ್ಮವನ್ನು ಗಮನಿಸಲಿಲ್ಲ. ಶೂನ್ಯದಿಂದ ಜಗತ್ತು ಹುಟ್ಟಿತೆಂಬ ಕಟ್ಟುಕಥೆಯನ್ನು ಪುನಃ ತರಲಾಗುತ್ತಿದೆಯೆಂದು ಸೋವಿಯತ್ ನಾಯಕ ಆಂದ್ರೇ ಝ್ದಾನೋವ್ 1947ರಲ್ಲಿ ಖಂಡಿಸಿದರು. ಅಲ್ಲಿನ ವಿಜ್ಞಾನಿಗಳಿಗೆ ಇದು ಬರಿಯ ಅಭಿಪ್ರಾಯವಾಗಿರಲಿಲ್ಲ, ಎಚ್ಚರಿಕೆಯಾಗಿತ್ತು. ಇತ್ತ ಪೋಪ್ ಹನ್ನೆರಡನೆಯ ಪಿಯೂಸರು 1951ರ ನವೆಂಬರ್ 22ರಂದು ತಮ್ಮ ವಿಜ್ಞಾನ ಅಕಾಡೆಮಿಯ ಮುಂದೆ ಮಾತನಾಡುತ್ತ, ಬೆಳಕಾಗಲೆಂಬ ಆದಿವಾಕ್ಯಕ್ಕೆ ಆಧುನಿಕ ವಿಜ್ಞಾನವು ಸಾಕ್ಷಿಯಾಗಿದೆಯೆಂಬ ಭಾವವನ್ನು ವ್ಯಕ್ತಪಡಿಸಿದರು. ಒಬ್ಬರು ನಿಂದಿಸಿದರು, ಇನ್ನೊಬ್ಬರು ಕೊಂಡಾಡಿದರು. ಓದಿದ ಬಗೆ ಮಾತ್ರ ಒಂದೇ.

ಲೆಮೇತ್ರರಿಗೆ ಹೆಚ್ಚು ಆತಂಕವಾದದ್ದು ಹೊಗಳಿಕೆಯಿಂದ. ಆಗಿನ ಅಳತೆಗಳ ಪ್ರಕಾರ ವಿಶ್ವದ ವಯಸ್ಸು ಭೂಮಿಯ ವಯಸ್ಸಿಗಿಂತಲೂ ಕಡಿಮೆಯೆನಿಸುತ್ತಿತ್ತು! ಮಗುವಿಗಿಂತ ತಾಯಿ ಕಿರಿಯಳೆನ್ನುವ ಲೆಕ್ಕದ ಮೇಲೆ ಶ್ರದ್ಧೆಯನ್ನು ನಿಲ್ಲಿಸುವುದೆಂತು? ಫ್ರೆಡ್ ಹಾಯ್ಲ್ ಮೊದಲಾದವರು ಆದಿಯೇ ಇಲ್ಲದ ವಿಶ್ವದ ಸಿದ್ಧಾಂತವನ್ನು 1948ರಲ್ಲಿಯೇ ಮಂಡಿಸಿದ್ದರು. ಅದು ಗೆದ್ದಿದ್ದರೆ ದೇವರೂ ಸೋತಂತಾಗುತ್ತಿತ್ತು. ಲೆಮೇತ್ರರು ಬಹಿರಂಗವಾಗಿ ವಾದಕ್ಕಿಳಿಯದೆ, ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರ ಮೂಲಕ ತಮ್ಮ ಕಳವಳವನ್ನು ತಿಳಿಸಿದರು. 1952ರ ಸೆಪ್ಟೆಂಬರಿನಲ್ಲಿ ರೋಮಿಗೆ ಬಂದ ಅಂತಾರಾಷ್ಟ್ರೀಯ ಖಗೋಳಜ್ಞರನ್ನು ಉದ್ದೇಶಿಸಿ ಪೋಪರು ಮಾತನಾಡಿದಾಗ ಆ ಸಾಕ್ಷಿಯ ಪ್ರಸ್ತಾಪವಿರಲಿಲ್ಲ. ಅದೇ ಸಮ್ಮೇಳನದಲ್ಲಿ ವಾಲ್ಟರ್ ಬಾಡೆಯವರು ನಕ್ಷತ್ರಸಮೂಹಗಳ ದೂರದ ಅಳತೆಯನ್ನೇ ಸುಮಾರು ಎರಡರಷ್ಟಾಗಿ ತಿದ್ದಿದರು. ವಿಶ್ವದ ವಯಸ್ಸೂ ಅದರೊಡನೆ ಇಮ್ಮಡಿಯಾಯಿತು.

ಮಹಾಸ್ಫೋಟದ ಉಳಿಕೆಯಾದ ವಿಕಿರಣವು 1965ರಲ್ಲಿ ಪತ್ತೆಯಾದ ವಾರ್ತೆ, ಮರುವರ್ಷ ಜೂನ್ ತಿಂಗಳಲ್ಲಿ ರೋಗಶಯ್ಯೆಯಲ್ಲಿದ್ದ ಲೆಮೇತ್ರರನ್ನು ಮುಟ್ಟಿತು. ಅವರು ಆ ತಿಂಗಳ 20ರಂದು ನಿಧನರಾದರು. ಪೋಪರ ವಿಜ್ಞಾನ ಅಕಾಡೆಮಿಗೆ 1960ರಿಂದ ಅವರೇ ಅಧ್ಯಕ್ಷರಾಗಿದ್ದರು.