ನೆಕ್ಕಿ ತಿದ್ದಿದ ಕರಡಿಮರಿ

ಕರಡಿಯ ಮರಿ ಆಕಾರವಿಲ್ಲದ ಮಾಂಸದ ಮುದ್ದೆಯಾಗಿ ಹುಟ್ಟುತ್ತದೆ, ತಾಯಿ ಅದನ್ನು ನೆಕ್ಕಿ ನೆಕ್ಕಿ ಕರಡಿಯ ರೂಪಕ್ಕೆ ತರುತ್ತದೆ ಎಂಬ ನಂಬಿಕೆ ಯುರೋಪಿನಲ್ಲಿ ಒಂದೂವರೆ ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿತು. ಕ್ರಿ.ಶ. 1ನೆಯ ಶತಮಾನದ ರೋಮನ್ ಪಂಡಿತ ಪ್ಲಿನಿ ತನ್ನ 37 ಸಂಪುಟಗಳ ನಿಸರ್ಗ ಚರಿತ್ರೆಯಲ್ಲಿ ಆ ಮರಿಯನ್ನು ವರ್ಣಿಸಿದ್ದಾನೆ: ಇಲಿಗಿಂತ ತುಸು ದೊಡ್ಡದು, ಬೆಳ್ಳಗಿನದು, ಕಣ್ಣಿಲ್ಲ, ಕೂದಲಿಲ್ಲ, ಉಗುರು ಮಾತ್ರ ಕಾಣುತ್ತದೆ.

ನಕ್ಕು ಬಿಡುವ ಮಾತಲ್ಲ. ನೂರು ಕಿಲೋ ದಾಟಿದ ಕಂದು ಕರಡಿಯ ಮರಿ ಹುಟ್ಟಿದಾಗ ತೂಗುವುದು ಸುಮಾರು ಅರ್ಧ ಕಿಲೋ; ಅದು ಕಣ್ಣು ತೆರೆಯಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಚಳಿಗಾಲದ ಗುಹೆಯಲ್ಲಿ ತಿಂಗಳುಗಟ್ಟಲೆ ಉಪವಾಸವಿರುವ ತಾಯಿ ತನ್ನ ಮೈಯ ಕೊಬ್ಬನ್ನು ಕರಗಿಸಿ ಬದುಕುತ್ತದೆ. ಆ ಕೊಬ್ಬು ಗರ್ಭದಲ್ಲಿರುವ ಮರಿಗೆ ಸುಲಭವಾಗಿ ದಕ್ಕುವುದಿಲ್ಲ, ಹಾಲಾದರೆ ದಕ್ಕುತ್ತದೆ. ಬೇಗನೆ ಹೆತ್ತು ಹಾಲೂಡಿಸಿ ಬೆಳೆಸುವುದೇ ಲೇಸಾಗುವುದು ಹೀಗೆ ಎಂದು ಪ್ರಾಣಿಶಾಸ್ತ್ರಜ್ಞರು ವಿವರಿಸುತ್ತಾರೆ. ತಾಯಿ ನೆಕ್ಕುವುದೂ ನಿಜ, ಮರಿಯನ್ನು ಶುಚಿಯಾಗಿಡಲು. ಹಿಂದಿನವರು ಕಂಡದ್ದು ಬಹುಮಟ್ಟಿಗೆ ಸರಿಯೇ; ಅಸಹಾಯಕವಾದದ್ದನ್ನು ಅಪೂರ್ಣವೆಂದು ಬಗೆದಲ್ಲಿ ಎಡವಿದರು.

ಕವಿಗಳಿಗಂತೂ ಈ ಕರಡಿ ಒದಗಿಬಂತು. ವರ್ಜಿಲ್ ತನ್ನ ಪದ್ಯಗಳನ್ನು ಕರಡಿಯ ಹಾಗೆ ನೆಕ್ಕಿ ರೂಪಿಸುತ್ತೇನೆ ಎನ್ನುತ್ತಿದ್ದನೆಂದು ಅವನ ಪ್ರಾಚೀನ ಜೀವನಚರಿತ್ರೆ ತಿಳಿಸುತ್ತದೆ. ಕಚೇರಿಯಲ್ಲಿ ದಿನವೂ ಕರಡು ತಿದ್ದುವ ನನಗೆ ಈ ಹೋಲಿಕೆ ಬಲು ಹಿತ. (ಕರಡು, ಕರಡಿ ಎರಡಕ್ಕೂ ನಂಟಿದೆಯೆಂದು ವಾದಿಸುವ ಧೈರ್ಯ ನನಗಿಲ್ಲ.) ಶೇಕ್ಸ್‌ಪಿಯರನ ‘ಆರನೆಯ ಹೆನ್ರಿ’ಯ ಮೂರನೆಯ ಭಾಗಕ್ಕೆ ಬಂದರೆ ಅದೇ ಹೋಲಿಕೆ ಕಹಿಯಾಗುತ್ತದೆ. ಗೂನುಬೆನ್ನಿನ ರಿಚರ್ಡ್ ತನ್ನನ್ನು ನೆಕ್ಕದೆ ಬಿಟ್ಟ ಕರಡಿಮರಿಗೆ ಹೋಲಿಸಿಕೊಳ್ಳುತ್ತಾನೆ. ಅಂಗವಿಕಲನೆಂದರೆ ತಾಯಿ ಮುಗಿಸದೆ ಬಿಟ್ಟವನು ಎಂಬ ಕ್ರೂರ ತರ್ಕವನ್ನು ಒಂದು ಪ್ರಾಣಿಕಥೆ ಎಷ್ಟು ಸಲೀಸಾಗಿ ಒದಗಿಸಿಬಿಟ್ಟಿತು!

1646ರಲ್ಲಿ ನಾರ್ವಿಚ್‌ನ ವೈದ್ಯ ಥಾಮಸ್ ಬ್ರೌನ್, ಜನರ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ಪರೀಕ್ಷಿಸುವ ‘ಸ್ಯೂಡೊಡಾಕ್ಸಿಯಾ ಎಪಿಡೆಮಿಕಾ’ ಗ್ರಂಥದಲ್ಲಿ ಇದನ್ನೂ ಎತ್ತಿಕೊಂಡ. ರೂಪುಗೊಳ್ಳುವ ಮೊದಲೇ ಹುಟ್ಟಿಸುವುದು ನಿಸರ್ಗದ ಕ್ರಮಕ್ಕೇ ವಿರುದ್ಧ ಎಂಬುದು ಅವನ ವಾದ. ಸಾಕ್ಷಿಗೆ, ತಾಯಿಯ ಹೊಟ್ಟೆಯಿಂದ ತೆಗೆದ, ಎಲ್ಲ ಅವಯವಗಳೂ ಸರಿಯಾಗಿದ್ದ ಮರಿಯೊಂದು ಬೊಲೋನ್ಯಾದಲ್ಲಿ ಗಾಜಿನ ಪಾತ್ರೆಯಲ್ಲಿ ಇದ್ದುದನ್ನು ಇಟಲಿಯ ಪಂಡಿತ ಆಲ್ಡ್ರೊವಾಂಡಿ ಕಣ್ಣಾರೆ ಕಂಡಿದ್ದ ಎಂದು ಉದಾಹರಿಸಿದ. ನನಗೆ ಬ್ರೌನ್ ಹೆಚ್ಚು ಮೆಚ್ಚಿಗೆಯಾಗುವುದು ಅವನು ಅಲ್ಲಿಗೇ ನಿಲ್ಲಿಸದೆ, ತಪ್ಪು ಹುಟ್ಟಿದ್ದಾದರೂ ಹೇಗೆಂದು ಕೇಳಿಕೊಂಡದ್ದಕ್ಕೆ. ಮರಿ ದಪ್ಪನೆಯ ಪೊರೆಯಲ್ಲಿ ಸುತ್ತಿಕೊಂಡು ಬರುತ್ತದೆ. ತಾಯಿ ಅದನ್ನು ಕಚ್ಚಿ ಹರಿಯುವವರೆಗೆ ನೋಡುವವರಿಗೆ ಮುದ್ದೆಯೇ ಕಾಣುತ್ತದೆ ಎಂದು ಅವನು ಊಹಿಸಿದ.

ಮುಂದಿನ ಶತಮಾನದಲ್ಲಿ ಪೋಪ್ ಕವಿ ತನ್ನ ‘ಡನ್ಸಿಯಡ್’ಗೆ ಅದೇ ಹಳೆಯ ಕರಡಿಯನ್ನು ಮತ್ತೆ ಕರೆತಂದ. ಒರಟಾದದ್ದನ್ನು ತಿದ್ದಿ ಸರಿಪಡಿಸುವುದಕ್ಕೆ ಇಂಗ್ಲಿಷ್ ಮಾತನಾಡುವವರು ಇಂದಿಗೂ ‘ನೆಕ್ಕಿ ಆಕಾರಕ್ಕೆ ತರುವುದು’ ಎನ್ನುತ್ತಾರೆ.